ಬಾಯಿ ಕ್ಯಾನ್ಸರ್‌ಗೆ ಪೆಪ್ಟೈಡ್ ಮದ್ದು: ಸುದ್ದಿಯಲ್ಲಿ ನಿಜವೆಷ್ಟು, ದೂರವೆಷ್ಟು?

ಕಪ್ಪೆಯ ಚರ್ಮದಲ್ಲಿ ಕ್ಯಾನ್ಸರ್‌ಗೆ ಮದ್ದಿದೆ, ಚೀಸ್ ಕೆಡದಂತೆ ಬಳಸುವ ವಸ್ತು ಬಾಯಿಯ ಗೆಡ್ಡೆಯನ್ನು ಕರಗಿಸುತ್ತದೆ, ನಮ್ಮ ಜೊಲ್ಲಿನಲ್ಲೇ ಕ್ಯಾನ್ಸರ್ ಕೊಲ್ಲುವ ಅಣುಗಳಿವೆ: ಈ ಧಾಟಿಯ ಸುದ್ದಿಗಳು ಕೆಲವು ವರ್ಷಗಳಿಂದ ಬಿಡುವಿಲ್ಲದೆ ಬರುತ್ತಿವೆ. 2024ರ ಜೂನ್‌ನಲ್ಲಿ ವಿಜ್ಞಾನಿಗಳ ತಂಡವೊಂದು ಕೃತಕ ಬುದ್ಧಿಮತ್ತೆಯ ನೆರವಿನಿಂದ ಜಗತ್ತಿನ ನಾನಾ ಕಡೆಯ ಸೂಕ್ಷ್ಮಜೀವಿಗಳ ವಂಶವಾಹಿ ಮಾಹಿತಿಯನ್ನು ಜಾಲಾಡಿ, ಸೂಕ್ಷ್ಮಾಣುಗಳನ್ನು ಕೊಲ್ಲಬಹುದಾದ ಸುಮಾರು 8.6 ಲಕ್ಷ ಪೆಪ್ಟೈಡ್‌ಗಳ, ಅಂದರೆ ಪ್ರೋಟೀನಿನಂಥ ಗಿಡ್ಡ ಸರಪಳಿಗಳ, ಪಟ್ಟಿಯನ್ನು ಮುಂದಿಟ್ಟಿತು. ಮರುತಿಂಗಳೇ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಬಾಯಿಯಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾವೇ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಣುವೂ ಮದ್ದು, ಬ್ಯಾಕ್ಟೀರಿಯಾವೂ ಮದ್ದು ಎಂದರೆ ಓದುಗರು ಏನೆಂದು ತಿಳಿಯಬೇಕು?

ಈ ಸುದ್ದಿಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ಪ್ರಯೋಗಾಲಯ ಕೇಳಿಕೊಂಡ ಪ್ರಶ್ನೆ ಒಂದು, ರೋಗಿಯ ಪ್ರಶ್ನೆ ಇನ್ನೊಂದು. ಈ ಅಣು ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲುದೇ ಎಂಬುದು ಪ್ರಯೋಗಾಲಯದ ಪ್ರಶ್ನೆ. ಅದಕ್ಕೆ ಹೌದು ಎಂಬ ಉತ್ತರ ಸಿಕ್ಕು ಬಹಳ ಕಾಲವಾಯಿತು. ನನ್ನ ದವಡೆಯ ಆಳಕ್ಕೆ ಇಳಿದಿರುವ ಗೆಡ್ಡೆಯನ್ನು ಅದು ತಲುಪಬಲ್ಲುದೇ, ತಲುಪಿ ನನ್ನ ಉಳಿದ ದೇಹವನ್ನು ಬಿಟ್ಟು ಗೆಡ್ಡೆಯನ್ನಷ್ಟೇ ಕೊಲ್ಲಬಲ್ಲುದೇ ಎಂಬುದು ರೋಗಿಯ ಪ್ರಶ್ನೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಈ ಎರಡರ ನಡುವಿನ ದಾರಿಯಲ್ಲಿ ಏನೇನಿದೆ ಎಂದು ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಹೊಸ ಮದ್ದಿಗೆ ಇಷ್ಟು ಹಂಬಲವೇಕೆ?

2022ರ ಜಾಗತಿಕ ಅಂದಾಜಿನಂತೆ ಆ ವರ್ಷ ಸುಮಾರು 3.9 ಲಕ್ಷ ಜನರಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. ಅವರಲ್ಲಿ ಸುಮಾರು 1.44 ಲಕ್ಷ ಮಂದಿ ಭಾರತದವರು. ನಮ್ಮ ದೇಶದಲ್ಲಿ ಆ ವರ್ಷ ಇದರಿಂದ ಸತ್ತವರು ಸುಮಾರು 80 ಸಾವಿರ. ಯುರೋಪು, ಅಮೆರಿಕಗಳಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್ ಎಂದರೆ ಈಗ ಮುಖ್ಯವಾಗಿ ನೆನಪಾಗುವುದು ವೈರಸ್‌ನಿಂದ ಬರುವ ಗಂಟಲಿನ ಕ್ಯಾನ್ಸರ್. ಇಲ್ಲಿ ಅದು ಕೆನ್ನೆಯ ಒಳಭಾಗ, ವಸಡು ಮತ್ತು ನಾಲಿಗೆಯ ರೋಗ. ಹೊಗೆಸೊಪ್ಪು, ಗುಟ್ಕಾ, ಅಡಿಕೆಗಳನ್ನು ಕೆನ್ನೆಯ ಸಂದಿಯಲ್ಲಿ ಒತ್ತಿಟ್ಟುಕೊಳ್ಳುವ ಜಾಗದಲ್ಲೇ ಅದು ಹೆಚ್ಚಾಗಿ ಹುಟ್ಟುತ್ತದೆ.

ಚಿಕಿತ್ಸೆಯ ಮುಖ್ಯ ದಾರಿ ಇಂದಿಗೂ ಶಸ್ತ್ರಚಿಕಿತ್ಸೆಯೇ. ಗೆಡ್ಡೆಯ ಜೊತೆಗೆ ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಸ್ವಲ್ಪ ಕತ್ತರಿಸಬೇಕಾಗುತ್ತದೆ. ರೋಗ ಮುಂದುವರಿದಿದ್ದರೆ ದವಡೆಯ ಮೂಳೆ, ನಾಲಿಗೆಯ ಭಾಗ, ಕೆಲವೊಮ್ಮೆ ಕೆನ್ನೆಯೇ ಹೋಗುತ್ತದೆ. ಆಮೇಲೆ ವಿಕಿರಣ, ಅಗತ್ಯವಿದ್ದರೆ ಕೀಮೋಥೆರಪಿ. ಬದುಕಿ ಉಳಿದವರಿಗೂ ಮಾತು, ನುಂಗುವುದು, ಬಾಯಿ ಅಗಲಿಸುವುದು ಮೊದಲಿನಂತಿರುವುದಿಲ್ಲ. ನಮ್ಮಲ್ಲಿ ಹೆಚ್ಚಿನ ರೋಗಿಗಳು ಆಸ್ಪತ್ರೆಗೆ ಬರುವುದೇ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ.

ನಿರ್ದಿಷ್ಟ ವಂಶವಾಹಿಯನ್ನು ಗುರಿಯಾಗಿಟ್ಟುಕೊಂಡ ಔಷಧಗಳು ಶ್ವಾಸಕೋಶ, ಸ್ತನ ಮತ್ತು ರಕ್ತದ ಕ್ಯಾನ್ಸರ್‌ಗಳಲ್ಲಿ ಮಾಡಿದ ಬದಲಾವಣೆ ಇಲ್ಲಿ ಆಗಿಲ್ಲ. ಭಾರತೀಯರ ಕೆನ್ನೆ-ವಸಡಿನ ಕ್ಯಾನ್ಸರ್‌ನ ವಂಶವಾಹಿಗಳನ್ನು ಓದಿದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೆಟ್ಟಿರುವ ಕೆಲವು ಹೊಸ ವಂಶವಾಹಿಗಳು ಅದರಲ್ಲಿ ಕಂಡವು. ಆದರೆ ಪದೇ ಪದೇ ಕೆಡುವುದು ಟಿಪಿ53 ಎಂಬ, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿ. ಮಿತಿಮೀರಿ ಓಡುವ ಪ್ರೋಟೀನನ್ನು ಔಷಧದಿಂದ ತಡೆಯಬಹುದು, ಕಳೆದುಹೋದ ಕಡಿವಾಣವನ್ನು ಔಷಧದಿಂದ ಮರಳಿ ತರುವುದು ಬಹಳ ಕಷ್ಟ. ಬೆಂಗಳೂರಿನ ಬಯೋಕಾನ್ 2006ರಲ್ಲೇ ನಿಮೊಟುಜುಮಾಬ್ ಎಂಬ ಪ್ರತಿಕಾಯ ಔಷಧವನ್ನು ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ತಂದಿತು. ಅದು ನೆರವಾಗಿದೆ, ಶಸ್ತ್ರಚಿಕಿತ್ಸೆಯ ಜಾಗಕ್ಕೆ ಬರಲು ಆಗಿಲ್ಲ.

ಹೀಗಿರುವಾಗ, ಒಳಗಿನ ವಂಶವಾಹಿ ಯಾವುದು ಕೆಟ್ಟಿದೆ ಎಂಬುದನ್ನು ಕೇಳದೆಯೇ ಕೋಶದ ಹೊರಪೊರೆಯನ್ನೇ ಹರಿದುಹಾಕುವ ಅಣು ಇದೆ ಎಂದರೆ ವಿಜ್ಞಾನಿಗಳ ಕಿವಿ ನೆಟ್ಟಗಾಗುವುದು ಸಹಜ.

ಹುಳುವಿನಲ್ಲಿ, ಕಪ್ಪೆಯಲ್ಲಿ, ನಮ್ಮ ಜೊಲ್ಲಿನಲ್ಲಿ

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಸರಪಳಿ ಗಿಡ್ಡವಾಗಿದ್ದರೆ ಅದು ಪೆಪ್ಟೈಡ್. ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳಲ್ಲಿ ಸಾಮಾನ್ಯವಾಗಿ ಹತ್ತರಿಂದ ಐವತ್ತು ಅಮೈನೋ ಆಮ್ಲಗಳಿರುತ್ತವೆ. ಪ್ರತಿಕಾಯಗಳು ತಯಾರಾಗಲು ದಿನಗಟ್ಟಲೆ ಬೇಕು. ಈ ಪುಟ್ಟ ಅಣುಗಳು ಗಾಯವಾದ ಕೂಡಲೇ ಕೆಲಸಕ್ಕೆ ಇಳಿಯುತ್ತವೆ. ಪ್ರತಿಕಾಯಗಳೇ ಇಲ್ಲದ ಕೀಟಗಳು ಮತ್ತು ಗಿಡಗಳಿಗೆ ಇವೇ ದೊಡ್ಡ ಆಸರೆ.

1981ರಲ್ಲಿ ಸ್ವೀಡನ್ನಿನ ಹಾನ್ಸ್ ಬೋಮನ್ ಮತ್ತು ಸಂಗಡಿಗರು ಒಂದು ಜಾತಿಯ ದೊಡ್ಡ ಪತಂಗದಿಂದ ಸೆಕ್ರೋಪಿನ್ ಎಂಬ ಪೆಪ್ಟೈಡ್ ಬೇರ್ಪಡಿಸಿ ವಿವರಿಸಿದರು. 1987ರಲ್ಲಿ ಅಮೆರಿಕದ ಮೈಕೆಲ್ ಝಾಸ್ಲಾಫ್ ಆಫ್ರಿಕಾದ ಕಪ್ಪೆಯ ಚರ್ಮದಲ್ಲಿ ಮಗೈನಿನ್‌ಗಳನ್ನು ಕಂಡರು. ಶಸ್ತ್ರಕ್ರಿಯೆ ಮಾಡಿ ಗಲೀಜು ನೀರಿಗೆ ಮರಳಿ ಬಿಟ್ಟ ಕಪ್ಪೆಗಳ ಗಾಯ ಕೀವಾಗದೆ ಮಾಯುತ್ತಿದ್ದುದೇ ಅವರಿಗೆ ಸಿಕ್ಕ ಸುಳಿವು. ನಮ್ಮ ಪಶ್ಚಿಮ ಘಟ್ಟದ ಕಪ್ಪೆಯೊಂದರ ಚರ್ಮದಲ್ಲೂ ಫ್ಲೂ ವೈರಸ್ಸನ್ನು ಹಾಳುಗೆಡವುವ ಪೆಪ್ಟೈಡ್ ಇರುವುದು 2017ರಲ್ಲಿ ವರದಿಯಾಯಿತು. ಅದಕ್ಕೂ ಕ್ಯಾನ್ಸರ್‌ಗೂ ಸಂಬಂಧವಿಲ್ಲದಿದ್ದರೂ ಕಪ್ಪೆಯ ಸುದ್ದಿಗಳೆಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ.

ಮನುಷ್ಯನಲ್ಲಿ ಈ ಅಣುಗಳ ಸಮೃದ್ಧ ತಾಣಗಳಲ್ಲಿ ಬಾಯಿಯೂ ಒಂದು. ಜೊಲ್ಲಿನಲ್ಲಿ ಹಿಸ್ಟಾಟಿನ್‌ಗಳಿವೆ, ಬಾಯಿಯ ಒಳಚರ್ಮದಲ್ಲಿ ಬೀಟಾ-ಡಿಫೆನ್ಸಿನ್‌ಗಳಿವೆ, ಬಿಳಿ ರಕ್ತಕಣ ಮತ್ತು ಚರ್ಮದಲ್ಲಿ ಎಲ್‌ಎಲ್-37 ಎಂಬುದಿದೆ. ನೂರಾರು ಬಗೆಯ ಬ್ಯಾಕ್ಟೀರಿಯಾಗಳ ನಡುವೆಯೂ ಕಚ್ಚಿಕೊಂಡ ನಾಲಿಗೆ ಬೇಗ ವಾಸಿಯಾಗುವುದರಲ್ಲಿ ಇವುಗಳ ಪಾಲಿದೆ.

ಪೊರೆಯ ವಿದ್ಯುದಂಶವೇ ವಿಳಾಸ

ಈ ಪೆಪ್ಟೈಡ್‌ಗಳಿಗೆ ಎರಡು ಗುಣಗಳಿವೆ. ಅವುಗಳಲ್ಲಿ ಬಹುತೇಕ ಧನ ವಿದ್ಯುದಂಶ ಹೊಂದಿವೆ. ಜೊತೆಗೆ ಸಾಬೂನಿನ ಅಣುವಿನಂತೆ ಒಂದು ಮಗ್ಗುಲು ನೀರಿಗೆ ಒಲಿದರೆ ಇನ್ನೊಂದು ಮಗ್ಗುಲು ಕೊಬ್ಬಿಗೆ ಒಲಿಯುತ್ತದೆ. ಬ್ಯಾಕ್ಟೀರಿಯಾದ ಹೊರಮೈ ಋಣ ವಿದ್ಯುದಂಶದ್ದು. ಹಾಗಾಗಿ ಪೆಪ್ಟೈಡ್ ಅದಕ್ಕೆ ಅಂಟಿಕೊಳ್ಳುತ್ತದೆ, ಕೊಬ್ಬಿನಿಂದಾದ ಪೊರೆಯೊಳಗೆ ನುಸುಳುತ್ತದೆ, ರಂಧ್ರ ಕೊರೆಯುತ್ತದೆ ಅಥವಾ ಪೊರೆಯನ್ನೇ ಚೂರುಚೂರು ಮಾಡುತ್ತದೆ. ಕೋಶದ ಒಳಗಿನದು ಸೋರಿ ಅದು ಸಾಯುತ್ತದೆ.

ಮನುಷ್ಯನ ಆರೋಗ್ಯವಂತ ಕೋಶದ ಹೊರಮೈಯಲ್ಲಿ ಧನವೂ ಋಣವೂ ಸರಿದೂಗಿರುತ್ತವೆ. ಫಾಸ್ಫಟೈಡಿಲ್‌ಸೆರಿನ್ ಎಂಬ ಋಣ ವಿದ್ಯುದಂಶದ ಕೊಬ್ಬನ್ನು ಕೋಶ ಪೊರೆಯ ಒಳಪದರದಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಕೋಶ ಕ್ಯಾನ್ಸರ್‌ಗೆ ತಿರುಗಿದಾಗ ಈ ಅಚ್ಚುಕಟ್ಟು ತಪ್ಪಿ ಆ ಕೊಬ್ಬು ಹೊರಗೂ ಕಾಣಿಸಿಕೊಳ್ಳುತ್ತದೆ. ಪೊರೆಯ ಮೇಲಿನ ಸಕ್ಕರೆಯ ಎಳೆಗಳೂ ಬದಲಾಗಿ ಋಣ ಅಂಶ ಹೆಚ್ಚುತ್ತದೆ. ಮೇಲ್ಮೈ ತುಂಬ ಸೂಕ್ಷ್ಮ ಎಳೆಗಳು ಎದ್ದು ಪೆಪ್ಟೈಡ್‌ಗೆ ಅಂಟಿಕೊಳ್ಳಲು ಹೆಚ್ಚು ಜಾಗ ಸಿಗುತ್ತದೆ. ಅಂದರೆ ವಿದ್ಯುದಂಶದ ಲೆಕ್ಕದಲ್ಲಿ ಕ್ಯಾನ್ಸರ್ ಕೋಶ ತುಸು ಬ್ಯಾಕ್ಟೀರಿಯಾದಂತೆ ಕಾಣುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ವಿಕಾಸಗೊಂಡ ಅಣು ಕ್ಯಾನ್ಸರ್ ಕೋಶವನ್ನೂ ಕೊಲ್ಲುವುದು ಇದರಿಂದ.

ಈ ವಾದಕ್ಕೆ ಬಲವಿದೆ. ಒಂದು ವಂಶವಾಹಿ ಬದಲಾದರೆ ಔಷಧಕ್ಕೆ ಬಗ್ಗದಿರುವುದು ಕ್ಯಾನ್ಸರ್‌ಗೆ ಸುಲಭ. ಇಡೀ ಪೊರೆಯ ರಚನೆಯನ್ನೇ ಬದಲಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಎಲ್‌ಎಲ್-37ರ ಮೂಲ ಪ್ರೋಟೀನಿನ ತುದಿಯಿಂದ ತೆಗೆದ, 27 ಅಮೈನೋ ಆಮ್ಲಗಳ ತುಂಡೊಂದು ಬಾಯಿ ಕ್ಯಾನ್ಸರ್ ಕೋಶಗಳನ್ನು ಸಾವಿಗೆ ತಳ್ಳುತ್ತದೆ, ವಸಡಿನ ಸಾಮಾನ್ಯ ಕೋಶಗಳನ್ನು ಹಾಗೆ ಮಾಡುವುದಿಲ್ಲ ಎಂದು ಜಪಾನಿನ ಸಂಶೋಧಕರು 2004ರಲ್ಲೇ ತೋರಿಸಿದ್ದರು.

ಆದರೆ ಈ ವ್ಯತ್ಯಾಸ ಹೆಚ್ಚು-ಕಡಿಮೆಯದು, ಇದೆ-ಇಲ್ಲ ಎಂಬಂಥದ್ದಲ್ಲ. ಪ್ರಮಾಣ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಕೆಂಪು ರಕ್ತಕಣಗಳೂ ಒಡೆಯತೊಡಗುತ್ತವೆ. ಜೇನುನೊಣದ ವಿಷದಲ್ಲಿರುವ ಮೆಲಿಟಿನ್ ಕ್ಯಾನ್ಸರ್ ಕೋಶವನ್ನು ಬಹಳ ಚೆನ್ನಾಗಿ ಕೊಲ್ಲುತ್ತದೆ, ರಕ್ತಕಣವನ್ನೂ ಅಷ್ಟೇ ಚೆನ್ನಾಗಿ ಒಡೆಯುತ್ತದೆ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲಲು ಸಾಬೂನೂ ಸಾಕು. ಎಷ್ಟು ಕೊಂದಿತು ಎಂಬುದಕ್ಕಿಂತ, ಕೊಲ್ಲುವ ಪ್ರಮಾಣಕ್ಕೂ ಹಾನಿ ಮಾಡುವ ಪ್ರಮಾಣಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದೇ ಔಷಧದ ಯೋಗ್ಯತೆಯನ್ನು ನಿರ್ಧರಿಸುತ್ತದೆ. ಸುದ್ದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಖ್ಯೆ ಇದೇ.

ನಿಸಿನ್: ಚೀಸ್‌ನಿಂದ ಇಲಿಯವರೆಗೆ

ಬಾಯಿ ಕ್ಯಾನ್ಸರ್ ವಿಷಯದಲ್ಲಿ ಹೆಚ್ಚು ಸದ್ದು ಮಾಡಿದ ಪೆಪ್ಟೈಡ್ ನಿಸಿನ್. ಹಾಲಿನಲ್ಲಿ ಬೆಳೆಯುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು, ತಮ್ಮ ಜಾಗಕ್ಕೆ ಪೈಪೋಟಿಗೆ ಬರುವ ಇತರ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಇದನ್ನು ತಯಾರಿಸುತ್ತವೆ. ಅಮೈನೋ ಆಮ್ಲಗಳು 34. ಇ 234 ಎಂಬ ಸಂಕೇತದಡಿ ಹಲವು ದೇಶಗಳಲ್ಲಿ ಚೀಸ್ ಮುಂತಾದ ಆಹಾರ ಕೆಡದಂತೆ ಬಳಸುತ್ತಾರೆ. ದಶಕಗಳಿಂದ ಜನರು ತಿಂದಿರುವುದರಿಂದ ಅದರ ಸುರಕ್ಷತೆಯ ಬಗ್ಗೆ ಒಂದಿಷ್ಟು ಭರವಸೆ ಮೊದಲೇ ಇದೆ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ದಂತವಿಜ್ಞಾನಿ ಇವಾನ್ ಕಪಿಲಾ ಅವರ ತಂಡ 2012ರಲ್ಲಿ ನಿಸಿನ್ ತಲೆ-ಕುತ್ತಿಗೆ ಕ್ಯಾನ್ಸರ್ ಕೋಶಗಳ ಒಳಗೆ ಕ್ಯಾಲ್ಸಿಯಂ ನುಗ್ಗುವಂತೆ ಮಾಡಿ ಅವು ಸಾಯುವ ಪ್ರಕ್ರಿಯೆಗೆ ಚಾಲನೆ ಕೊಡುತ್ತದೆ ಎಂದು ತೋರಿಸಿತು. 2015ರಲ್ಲಿ, ಹೆಚ್ಚು ಶುದ್ಧಗೊಳಿಸಿದ ನಿಸಿನ್ ಕೊಟ್ಟ ಇಲಿಗಳಲ್ಲಿ ಗೆಡ್ಡೆಗಳು ಕುಗ್ಗಿದವು, ಇಲಿಗಳು ಹೆಚ್ಚು ಕಾಲ ಬದುಕಿದವು ಎಂದು ಅದೇ ತಂಡ ವರದಿ ಮಾಡಿತು. ಮರುವರ್ಷ ವಿಶ್ವವಿದ್ಯಾಲಯದ ಪ್ರಕಟಣೆ, 'ನಿಸಿನ್ ಮಿಲ್ಕ್‌ಶೇಕ್' ಕೊಟ್ಟ ಒಂಬತ್ತು ವಾರಗಳಲ್ಲಿ ಗೆಡ್ಡೆಯ ಕೋಶಗಳಲ್ಲಿ ಶೇ 70ರಿಂದ 80ರಷ್ಟು ಸತ್ತಿದ್ದವು ಎಂದಿತು. ಅಲ್ಲಿಂದ ಮುಂದೆ ಸುದ್ದಿ ತನ್ನ ದಾರಿ ಹಿಡಿಯಿತು. ಚೀಸ್ ತಿಂದರೆ ಕ್ಯಾನ್ಸರ್ ಹೋಗುತ್ತದೆ ಎಂಬಲ್ಲಿಗೆ ಬಂದು ನಿಂತಿತು.

ಲೆಕ್ಕ ಹಾಕಿ ನೋಡೋಣ. ಇಲಿಗಳಿಗೆ ಕೊಟ್ಟ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 800 ಮಿಲಿಗ್ರಾಂ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು 12ರಿಂದ ಭಾಗಿಸುವುದು ವಾಡಿಕೆ. ಆಗ ಕಿಲೋಗೆ ಸುಮಾರು 65 ಮಿಲಿಗ್ರಾಂ, ಅರವತ್ತು ಕಿಲೋ ತೂಕದವರಿಗೆ ಸುಮಾರು 4 ಗ್ರಾಂ. ಆಹಾರದಲ್ಲಿ ನಿಸಿನ್ ಇರುವುದು ಕಿಲೋ ಒಂದಕ್ಕೆ ಕಾಲು ಮಿಲಿಗ್ರಾಂನಿಂದ ಹೆಚ್ಚೆಂದರೆ 37.5 ಮಿಲಿಗ್ರಾಂವರೆಗೆ. ಅತಿ ಹೆಚ್ಚು ನಿಸಿನ್ ಇರುವ ಚೀಸನ್ನೇ ತೆಗೆದುಕೊಂಡರೂ 4 ಗ್ರಾಂ ಸಿಗಲು ನೂರು ಕಿಲೋಗಿಂತ ಹೆಚ್ಚು ತಿನ್ನಬೇಕು. ಮನೆಯ ಮೊಸರಿನ ಮಾತಂತೂ ಬೇಡ. ಅದರಲ್ಲಿ ನಿಸಿನ್ ತಯಾರಿಸುವ ತಳಿ ಇದೆಯೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ.

ಇನ್ನೂ ಎರಡು ಮಿತಿಗಳಿವೆ. ಇಲಿಗಳ ಬಾಯಿಯಲ್ಲಿದ್ದದ್ದು ಮನುಷ್ಯನ ಕ್ಯಾನ್ಸರ್ ಕೋಶಗಳನ್ನು ನೆಟ್ಟು ಬೆಳೆಸಿದ ಗೆಡ್ಡೆ. ಅನ್ಯ ಕೋಶವನ್ನು ದೇಹ ತಿರಸ್ಕರಿಸಬಾರದು ಎಂದರೆ ರೋಗನಿರೋಧಕ ಶಕ್ತಿ ಕುಂದಿದ ಇಲಿಗಳೇ ಬೇಕು. ಹಾಗಾಗಿ ಪೆಪ್ಟೈಡ್ ಮತ್ತು ರೋಗನಿರೋಧಕ ವ್ಯವಸ್ಥೆ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಆ ಪ್ರಯೋಗ ಹೇಳಲಾರದು. ಎರಡನೆಯದಾಗಿ, ನುಂಗಿದ ನಿಸಿನ್ ಕರುಳಿನ ಜೀರ್ಣರಸಗಳಿಗೆ ಸಿಕ್ಕಿ ಒಡೆಯುತ್ತದೆ. ಆಹಾರದಲ್ಲಿ ಅದನ್ನು ಸುರಕ್ಷಿತ ಎನ್ನುವುದಕ್ಕೆ ಇದೂ ಒಂದು ಕಾರಣ. ಸುರಕ್ಷತೆಗೆ ನೆರವಾದ ಗುಣವೇ ಔಷಧವಾಗುವಾಗ ಅಡ್ಡಿಯಾಗುತ್ತದೆ.

ಕಾವಲುಗಾರನೇ ಬಾಗಿಲು ತೆರೆದಾಗ

ಪೆಪ್ಟೈಡ್‌ಗಳು ಬ್ಯಾಕ್ಟೀರಿಯಾ ಕೊಲ್ಲುವುದಷ್ಟನ್ನೇ ಮಾಡುವುದಿಲ್ಲ. ಗಾಯದ ಕಡೆಗೆ ಬಿಳಿ ರಕ್ತಕಣಗಳನ್ನು ಕರೆಯುತ್ತವೆ, ಹೊಸ ರಕ್ತನಾಳ ಹುಟ್ಟಿಸುತ್ತವೆ, ಕೋಶಗಳು ಸರಿದು ಬಂದು ಗಾಯ ಮುಚ್ಚುವಂತೆ ಮಾಡುತ್ತವೆ. ಹಿಸ್ಟಾಟಿನ್‌ಗಳು ಬಾಯಿಯ ಗಾಯ ಮುಚ್ಚುವುದನ್ನು ಚುರುಕುಗೊಳಿಸುತ್ತವೆ ಎಂಬುದು 2008ರಿಂದ ಗೊತ್ತಿದೆ. ಹೊಸ ರಕ್ತನಾಳ, ಕೋಶಗಳ ಚಲನೆ, ಬೆಳವಣಿಗೆ: ಗಾಯ ಮಾಯಲು ಬೇಕಾದ ಇವೇ ಗೆಡ್ಡೆ ಬೆಳೆಯಲೂ ಬೇಕು.

ಹೀಗಾಗಿ ಒಂದೇ ಪೆಪ್ಟೈಡ್ ಒಂದು ಅಂಗದಲ್ಲಿ ಕ್ಯಾನ್ಸರನ್ನು ಅದುಮುತ್ತದೆ, ಇನ್ನೊಂದರಲ್ಲಿ ಉಬ್ಬಿಸುತ್ತದೆ. ಎಲ್‌ಎಲ್-37 ಹೊಟ್ಟೆ ಮತ್ತು ದೊಡ್ಡಕರುಳಿನಲ್ಲಿ ಗೆಡ್ಡೆಗೆ ವಿರುದ್ಧವಾಗಿಯೂ ಅಂಡಾಶಯ, ಸ್ತನ, ಶ್ವಾಸಕೋಶಗಳಲ್ಲಿ ಗೆಡ್ಡೆಯ ಪರವಾಗಿಯೂ ಕೆಲಸ ಮಾಡುತ್ತದೆ ಎಂಬ ಸಾಕ್ಷ್ಯಗಳಿವೆ. ಬಾಯಿಯಲ್ಲಂತೂ ಡಿಫೆನ್ಸಿನ್ ಬಳಗದ ಒಳಗೇ ಒಡಕಿದೆ. ಬೀಟಾ-ಡಿಫೆನ್ಸಿನ್ 1 ಬಾಯಿ ಕ್ಯಾನ್ಸರ್‌ನಲ್ಲಿ ಕಡಿಮೆಯಾಗುತ್ತದೆ, ಅದು ಗೆಡ್ಡೆಯನ್ನು ತಡೆಯುವ ಪಾತ್ರದ್ದು ಎಂದು ತೋರುತ್ತದೆ. ಬೀಟಾ-ಡಿಫೆನ್ಸಿನ್ 3 ಹೆಚ್ಚಾಗುತ್ತದೆ. ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳನ್ನು ಗೆಡ್ಡೆಯೊಳಗೆ ಸೆಳೆದು, ಗೆಡ್ಡೆಗೇ ಅನುಕೂಲವಾದ ವಾತಾವರಣ ಕಟ್ಟುತ್ತದೆ.

ಇದನ್ನು ಮುಂದಿಟ್ಟುಕೊಂಡು ಸಂಶಯವಾದಿಗಳು ಕೇಳುವುದು ಸರಿಯಾಗಿಯೇ ಇದೆ: ಹೆಚ್ಚು ಪ್ರಮಾಣದಲ್ಲಿ ಕೊಲ್ಲುವ ಪೆಪ್ಟೈಡ್, ದೇಹದಲ್ಲಿ ಹರಡಿ ತೆಳುವಾದಾಗ ಉಳಿದ ಕ್ಯಾನ್ಸರ್ ಕೋಶಗಳಿಗೆ ಗೊಬ್ಬರವಾದರೆ? ಪರವಾದಿಗಳ ಉತ್ತರ, ನೈಸರ್ಗಿಕ ಪೆಪ್ಟೈಡನ್ನು ಇದ್ದಂತೆಯೇ ಬಳಸಬೇಕಿಲ್ಲ ಎಂಬುದು. ಕೊಲ್ಲುವ ಭಾಗವನ್ನು ಇಟ್ಟುಕೊಂಡು ಸಂಕೇತ ಕಳಿಸುವ ಭಾಗವನ್ನು ಕತ್ತರಿಸಬಹುದು, ಅಮೈನೋ ಆಮ್ಲಗಳ ಕನ್ನಡಿ ರೂಪಗಳನ್ನು ಬಳಸಿ ಕಿಣ್ವಗಳಿಗೆ ಜಗ್ಗದಂತೆ ಮಾಡಬಹುದು. ನನಗೆ ಈ ಉತ್ತರ ಅರ್ಧ ಒಪ್ಪಿಗೆಯಾಗುತ್ತದೆ. ಕತ್ತರಿಸಿ ಕಟ್ಟುವುದು ಸಾಧ್ಯ ಎಂಬುದಕ್ಕೆ ಪುರಾವೆಯಿದೆ, ಹಾಗೆ ಕಟ್ಟಿದ್ದು ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಕೆಲಸ ಮಾಡಿದ ಪುರಾವೆಯಿಲ್ಲ.

ಬ್ಯಾಕ್ಟೀರಿಯಾ ವೈರಿಯೋ, ನಂಟನೋ?

ಪೆಪ್ಟೈಡ್ ಪರವಾಗಿ ಇನ್ನೊಂದು ವಾದವಿದೆ. ವಸಡು ರೋಗದ ಬ್ಯಾಕ್ಟೀರಿಯಾಗಳು ಬಾಯಿ ಕ್ಯಾನ್ಸರ್ ಕೋಶಗಳನ್ನು ಇನ್ನಷ್ಟು ಆಕ್ರಮಣಕಾರಿ ಮಾಡುತ್ತವೆ ಎಂದು ಕಪಿಲಾ ತಂಡ 2020ರಲ್ಲಿ ತೋರಿಸಿತು. ಪೋರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮಾ ಡೆಂಟಿಕೋಲಾ, ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬ ಮೂರನ್ನೂ ಅವರು ಪರೀಕ್ಷಿಸಿದ್ದರು. ನಿಸಿನ್ ಕೊಟ್ಟಾಗ ಆ ಪರಿಣಾಮ ತಗ್ಗಿತು. ಅಂದರೆ ಪೆಪ್ಟೈಡ್ ಒಂದೇ ಏಟಿಗೆ ಕ್ಯಾನ್ಸರ್ ಕೋಶಕ್ಕೂ ಅದಕ್ಕೆ ಕುಮ್ಮಕ್ಕು ಕೊಡುವ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡಬಹುದು.

2024ರ ಲಂಡನ್ ಅಧ್ಯಯನ ಇದಕ್ಕೆ ತಿರುಗೇಟಿನಂತಿದೆ. ಅಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದದ್ದೂ ಫ್ಯೂಸೊಬ್ಯಾಕ್ಟೀರಿಯಂ ಬಳಗದ್ದೇ. ಗೆಡ್ಡೆಯಲ್ಲಿ ಅದು ಇದ್ದ ರೋಗಿಗಳು ಹೆಚ್ಚು ಕಾಲ ಬದುಕಿದ್ದೂ ಕಂಡುಬಂತು. ಇದೇ ಬ್ಯಾಕ್ಟೀರಿಯಾ ದೊಡ್ಡಕರುಳಿನ ಕ್ಯಾನ್ಸರನ್ನು ಉಲ್ಬಣಗೊಳಿಸುತ್ತದೆ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿಷಯ. ಎರಡೂ ಫಲಿತಾಂಶಗಳು ನಿಜವಿರಬಹುದು. ಯಾವ ಉಪಜಾತಿ, ಗೆಡ್ಡೆಯ ಒಳಗೋ ಪಕ್ಕದಲ್ಲೋ, ಎಷ್ಟು ಸಂಖ್ಯೆಯಲ್ಲಿ ಎಂಬುದರ ಮೇಲೆ ಪರಿಣಾಮ ತಿರುಗುಮುರುಗಾಗಬಹುದು. ಇದರಿಂದ ಒಂದು ಮಾತು ಸ್ಪಷ್ಟ: ಬಾಯಿಯ ಬ್ಯಾಕ್ಟೀರಿಯಾಗಳನ್ನೆಲ್ಲ ಗುಡಿಸಿಹಾಕಿದರೆ ಕ್ಯಾನ್ಸರ್ ರೋಗಿಗೆ ಒಳಿತೇ ಆಗುತ್ತದೆ ಎಂದು ಈಗ ಯಾರೂ ಹೇಳುವಂತಿಲ್ಲ.

ಬಾಯಿಯಲ್ಲೇ ಸೋತ ಉದಾಹರಣೆಗಳು

ಈ ಕ್ಷೇತ್ರದ ಉತ್ಸಾಹಿಗಳು ಹೆಚ್ಚು ಪ್ರಸ್ತಾಪಿಸದ ಇತಿಹಾಸವೊಂದಿದೆ. ಹಂದಿಯ ಬಿಳಿ ರಕ್ತಕಣದ ಪೆಪ್ಟೈಡನ್ನು ಆಧರಿಸಿ ಇಸೆಗನಾನ್ ಎಂಬ ಔಷಧವನ್ನು ಕಟ್ಟಲಾಗಿತ್ತು. ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ವಿಕಿರಣ ಪಡೆಯುವವರಿಗೆ ಬಾಯಿ ತುಂಬ ಹುಣ್ಣಾಗುತ್ತದೆ. ಉಣ್ಣಲು, ನುಂಗಲು ಆಗುವುದಿಲ್ಲ. ಬ್ಯಾಕ್ಟೀರಿಯಾಗಳಿಂದ ಹುಣ್ಣು ಕೆಡುತ್ತದೆ, ಅವನ್ನು ಕೊಂದರೆ ಹುಣ್ಣು ತಗ್ಗುತ್ತದೆ ಎಂಬುದು ಊಹೆ. ಬಾಯಿ ಮುಕ್ಕಳಿಸುವ ದ್ರಾವಣವಾಗಿ ಹಲವು ದೇಶಗಳಲ್ಲಿ ಮೂರನೆಯ ಹಂತದ, ಅಂದರೆ ಹೆಚ್ಚು ರೋಗಿಗಳ ಮೇಲಿನ, ಪರೀಕ್ಷೆ ನಡೆಯಿತು. 2004ರಲ್ಲಿ ಫಲಿತಾಂಶ ಪ್ರಕಟವಾದಾಗ ಔಷಧ ಪಡೆದವರಿಗೂ ಪಡೆಯದವರಿಗೂ ಗಮನಾರ್ಹ ವ್ಯತ್ಯಾಸವೇ ಇರಲಿಲ್ಲ. ಇದೇ ತೊಂದರೆಗೆ ನಸುಭಿನ್ನ ತಂತ್ರದಿಂದ ಬಂದ ಡಸ್ಕ್ವೆಟೈಡ್ ಎಂಬ ಪುಟ್ಟ ಪೆಪ್ಟೈಡ್ ಕೂಡ 2020ರ ಕೊನೆಯಲ್ಲಿ ಮೂರನೆಯ ಹಂತದ ಮುಖ್ಯ ಗುರಿ ತಲುಪಲಿಲ್ಲ. ಕಪ್ಪೆಯ ಮಗೈನಿನ್‌ನಿಂದ ಹುಟ್ಟಿದ ಪೆಕ್ಸಿಗನಾನ್ ಮಧುಮೇಹಿಗಳ ಕಾಲಿನ ಹುಣ್ಣಿಗೆ ಬರಬೇಕಿತ್ತು. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಡಲಿಲ್ಲ, 2016ರಲ್ಲಿ ಮತ್ತೆ ಪರೀಕ್ಷೆಯಲ್ಲಿ ಸೋತಿತು.

ಇವೆಲ್ಲ ಕ್ಯಾನ್ಸರ್ ಕೋಶ ಕೊಲ್ಲುವ ಪರೀಕ್ಷೆಗಳಲ್ಲ ಎಂಬುದು ನಿಜ. ಆದರೂ ಗಾಜಿನ ತಟ್ಟೆಯ ಫಲಿತಾಂಶ ರೋಗಿಯ ಬಾಯಿಗೆ ಬಂದಾಗ ಏಕೆ ಮಂಕಾಗುತ್ತದೆ ಎಂಬುದು ಎಲ್ಲಕ್ಕೂ ಒಂದೇ ಪ್ರಶ್ನೆ. ಜೊಲ್ಲಿನಲ್ಲಿ ಪೆಪ್ಟೈಡ್ ಕತ್ತರಿಸುವ ಕಿಣ್ವಗಳಿವೆ. ರಕ್ತದಲ್ಲಿರುವ ಉಪ್ಪಿನ ಅಂಶ ವಿದ್ಯುದಂಶದ ಸೆಳೆತವನ್ನು ಕುಗ್ಗಿಸುತ್ತದೆ. ದ್ರಾವಣ ಬಾಯಿಯಲ್ಲಿ ನಿಲ್ಲುವುದೇ ಕೆಲವು ನಿಮಿಷ. ಅಡಿಕೆಯಿಂದ ಬಾಯಿಯ ಒಳಚರ್ಮ ನಾರುಗಟ್ಟಿ ಬಿಗಿದುಕೊಂಡಿರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗಿಗಳಲ್ಲಂತೂ ಮೇಲಿಂದ ಹಚ್ಚಿದ ಔಷಧ ಒಳಗೆ ಇಳಿಯುವುದೇ ಕಷ್ಟ.

ಗೆಡ್ಡೆಯೊಳಗೇ ಚುಚ್ಚುವ ದಾರಿ

ಸದ್ಯಕ್ಕೆ ಹೆಚ್ಚು ಭರವಸೆ ಹುಟ್ಟಿಸಿರುವುದು ಬೇರೊಂದು ದಾರಿ. ಹಸುವಿನ ಹಾಲಿನ ಲ್ಯಾಕ್ಟೊಫೆರಿನ್ ಪ್ರೋಟೀನಿನ ತುಂಡಿನಿಂದ ನಾರ್ವೆಯ ವಿಜ್ಞಾನಿಗಳು ಒಂಬತ್ತು ಅಮೈನೋ ಆಮ್ಲಗಳ ಎಲ್‌ಟಿಎಕ್ಸ್-315 ಎಂಬ ಪೆಪ್ಟೈಡ್ ರೂಪಿಸಿದರು. ಅದನ್ನು ಸೂಜಿಯಿಂದ ನೇರವಾಗಿ ಗೆಡ್ಡೆಗೇ ಚುಚ್ಚುತ್ತಾರೆ. ಹೀಗೆ ಮಾಡಿದರೆ ಕಿಣ್ವಗಳ ಕಾಟ, ತೆಳುವಾಗುವ ತೊಂದರೆ ಎರಡೂ ತಗ್ಗುತ್ತವೆ. ಅದಕ್ಕಿಂತ ಮುಖ್ಯ ಲಾಭ ಬೇರೆ. ಕೋಶ ಮೆಲ್ಲಗೆ ಮುದುಡಿ ಸಾಯದೆ ಸಿಡಿದು ಸತ್ತಾಗ ಒಳಗಿನ ಪ್ರೋಟೀನುಗಳು, ಅಪಾಯ ಸೂಚಿಸುವ ಅಣುಗಳು ಹೊರಚೆಲ್ಲುತ್ತವೆ. ರೋಗನಿರೋಧಕ ಕೋಶಗಳು ಅದನ್ನು ಹೆಕ್ಕಿಕೊಂಡು ಕ್ಯಾನ್ಸರನ್ನು ಗುರುತಿಸಲು ಕಲಿಯುತ್ತವೆ. ಕೊಲೆಗಿಂತ ಕೊಲೆಯ ಸದ್ದು ಇಲ್ಲಿ ಹೆಚ್ಚು ಉಪಯುಕ್ತ.

ಮೊದಲ ಹಂತದ ಮಾನವ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಗೆಡ್ಡೆಯೊಳಗೆ ರೋಗನಿರೋಧಕ ಕೋಶಗಳು ಹೆಚ್ಚಿದವು. ರಕ್ತದೊತ್ತಡ ಕುಸಿಯುವುದು, ಅಲರ್ಜಿಯಂಥ ಪ್ರತಿಕ್ರಿಯೆಗಳೂ ಕಂಡವು. ಇದೇ ಅಣುವನ್ನು ಅಮೆರಿಕದ ಕಂಪನಿಯೊಂದು ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಮೇಲೆ ಪರೀಕ್ಷಿಸಿ, ಸುಮಾರು ಅರ್ಧದಷ್ಟು ಗೆಡ್ಡೆಗಳು ಪೂರ್ತಿ ಅಳಿದವು ಎಂದು 2024ರಲ್ಲಿ ಪ್ರಕಟಿಸಿತು. ಬೇಸಲ್ ಸೆಲ್ ಕ್ಯಾನ್ಸರ್ ನಿಧಾನದ್ದು, ಬೇರೆಡೆಗೆ ಹರಡುವುದು ಅಪರೂಪ. ಬಾಯಿ ಕ್ಯಾನ್ಸರ್ ಹಾಗಲ್ಲ.

ಕಣ್ಣಿಗೆ ಕಾಣುವ, ಕೈಗೆ ಸಿಗುವ ಗೆಡ್ಡೆ ಎಂಬ ಕಾರಣಕ್ಕೆ ಬಾಯಿ ಕ್ಯಾನ್ಸರ್ ಈ ವಿಧಾನಕ್ಕೆ ಹೇಳಿಮಾಡಿಸಿದಂತಿದೆ. ತೊಡಕು ಕುತ್ತಿಗೆಯಲ್ಲಿದೆ. ಬಾಯಿಯ ಗೆಡ್ಡೆ ಬೇಗನೆ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡುತ್ತದೆ. ಗ್ರಂಥಿಗಳಲ್ಲಿ ರೋಗ ಕಾಣದ ಆರಂಭಿಕ ಹಂತದ ರೋಗಿಗಳಲ್ಲೂ ಅವನ್ನು ಮೊದಲೇ ತೆಗೆದರೆ ಮೂರು ವರ್ಷ ಬದುಕುವವರು ಶೇ 80, ಕಾದು ನೋಡಿದರೆ ಶೇ 67.5 ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಸಿದ್ಧ ಅಧ್ಯಯನ 2015ರಲ್ಲಿ ತೋರಿಸಿತು. ಕಣ್ಣಿಗೆ ಕಾಣದ ಈ ರೋಗಕ್ಕೆ ಸೂಜಿ ಎಲ್ಲಿ ಚುಚ್ಚುವುದು? ಆದ್ದರಿಂದ ಪೆಪ್ಟೈಡ್ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುತ್ತದೆ ಎಂದು ನಿರೀಕ್ಷಿಸುವುದು ಈಗ ಸರಿಯಲ್ಲ. ಬಂದರೆ ಅದು ಬರುವುದು ಶಸ್ತ್ರಚಿಕಿತ್ಸೆಗೆ ಮುನ್ನ ಗೆಡ್ಡೆಗೆ ಚುಚ್ಚಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಲು, ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ಮೇಲೆ ತಿರುಗಿಸುವ ಇಮ್ಯುನೋಥೆರಪಿಯ ಜೊತೆಗಾರನಾಗಿ, ಅಥವಾ ಇನ್ನೂ ಕ್ಯಾನ್ಸರ್ ಆಗದ ಬಿಳಿ, ಕೆಂಪು ಮಚ್ಚೆಗಳ ಮೇಲೆ ಹಚ್ಚುವ ಮುಲಾಮಾಗಿ.

ಪರೀಕ್ಷಿಸುವವರು ಯಾರು?

ಪೆಪ್ಟೈಡ್ ಔಷಧ ತಯಾರಿಕೆ ಈಗ ಮೊದಲಿನಷ್ಟು ದುಬಾರಿಯಲ್ಲ. ದೇಹದಲ್ಲಿ ಒಂದೆರಡು ನಿಮಿಷವಷ್ಟೇ ಉಳಿಯುವ ಹಾರ್ಮೋನನ್ನು ವಾರಕ್ಕೊಮ್ಮೆ ಚುಚ್ಚಿದರೆ ಸಾಕಾಗುವ, ಮಧುಮೇಹ ಮತ್ತು ಬೊಜ್ಜಿನ ಔಷಧ ಸೆಮಾಗ್ಲುಟೈಡ್ ಆಗಿ ಬದಲಿಸಿದ್ದನ್ನು ಜಗತ್ತು ನೋಡಿದೆ. ಭಾರತದಲ್ಲೂ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳ ಅನುಭವ ಇದೆ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ದಶಕಗಳ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪೆಪ್ಟೈಡ್‌ಗಳನ್ನು ಅನುಕರಿಸುವ ಅಗ್ಗದ ಸಣ್ಣ ಅಣುಗಳನ್ನು ಬ್ಯಾಕ್ಟೀರಿಯಾಗಳ ವಿರುದ್ಧ ರೂಪಿಸುತ್ತಿದ್ದಾರೆ.

ಕೊರತೆ ಇರುವುದು ರೋಗಿಗಳ ಮೇಲಿನ ಪರೀಕ್ಷೆಯಲ್ಲಿ. ಅಡಿಕೆ, ಹೊಗೆಸೊಪ್ಪಿನಿಂದ ಬರುವ ಕೆನ್ನೆಯ ಕ್ಯಾನ್ಸರ್ ಪಶ್ಚಿಮದ ಔಷಧ ಕಂಪನಿಗಳ ಮುಖ್ಯ ಮಾರುಕಟ್ಟೆಯಲ್ಲ. ತಾನೇ ಪರೀಕ್ಷೆ ನಡೆಸಿದರೆ ಭಾರತಕ್ಕೆ ಏನು ಸಾಧ್ಯ ಎಂಬುದಕ್ಕೆ ಟಾಟಾ ಆಸ್ಪತ್ರೆಯ ಇನ್ನೊಂದು ಅಧ್ಯಯನ ಸಾಕ್ಷಿ. ನಿವೊಲುಮಾಬ್ ಎಂಬ ದುಬಾರಿ ಇಮ್ಯುನೋಥೆರಪಿ ಔಷಧವನ್ನು ರೂಢಿಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಕೊಟ್ಟು, ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಒಂದು ವರ್ಷ ಬದುಕುವವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿದ್ದನ್ನು 2022ರಲ್ಲಿ ಅಲ್ಲಿನ ವೈದ್ಯರು ವರದಿ ಮಾಡಿದರು. ಪೆಪ್ಟೈಡ್‌ಗಳಿಗೂ ಇಂಥ ತಾಳ್ಮೆಯ ಪರೀಕ್ಷೆ ಬೇಕು.

ಅಷ್ಟರಲ್ಲಿ ಮದ್ದಿನ ಸುದ್ದಿ ಮರೆಸುವ ಸಂಗತಿಗಳೂ ಇವೆ. 2022ರಲ್ಲಿ ಜಗತ್ತಿನಾದ್ಯಂತ ಕಂಡ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1.2 ಲಕ್ಷಕ್ಕೆ ಅಗಿಯುವ ತಂಬಾಕು ಮತ್ತು ಅಡಿಕೆಯೇ ಕಾರಣ, ಅದರಲ್ಲಿ ಭಾರತದ್ದು ಸುಮಾರು 83 ಸಾವಿರ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಅಂದಾಜಿಸಿತು. ಅಡಿಕೆಯನ್ನು ಆ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದ್ದು 2004ರಲ್ಲೇ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದಾದ್ದರಿಂದ ಈ ಮಾತು ಇಲ್ಲಿ ಹಿತವಾಗಿ ಕೇಳಿಸುವುದಿಲ್ಲ. ತಂಬಾಕು ಬೆರೆಸಿದ್ದರ ದೋಷವನ್ನು ಅಡಿಕೆಯ ತಲೆಗೆ ಕಟ್ಟಲಾಗುತ್ತಿದೆ ಎಂಬುದು ಬೆಳೆಗಾರರ ಆಕ್ಷೇಪ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಕ್ಕಪಕ್ಕದಲ್ಲೇ ತೂಗಾಡುತ್ತಿರುವುದು ಎಲ್ಲರಿಗೂ ಗೊತ್ತು. ಬಾಯಿಯನ್ನು ಬರಿಗಣ್ಣಿನಿಂದ ತಪಾಸಣೆ ಮಾಡಿದರೆ ಸಾಕು, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ ಎಂದು ತಿರುವನಂತಪುರದ ಅಧ್ಯಯನ 2005ರಲ್ಲೇ ಸಾಬೀತುಪಡಿಸಿತ್ತು. ಎರಡು-ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಆಗದಿರುವುದು: ಇವಿದ್ದವರು ನೋಡಬೇಕಾದದ್ದು ವೈದ್ಯರನ್ನು.

ಪೆಪ್ಟೈಡ್‌ಗಳು ರೋಗಿಗೆ ಮೊದಲು ನೆರವಾಗುವುದು ಔಷಧವಾಗಿ ಅಲ್ಲದೆ ಪರೀಕ್ಷೆಯಾಗಿ ಇದ್ದರೂ ಇರಬಹುದು. ಅನುಮಾನದ ಮಚ್ಚೆಯಿಂದಲೂ ಬಾಯಿಯ ಎದುರು ಬದಿಯ ಆರೋಗ್ಯವಂತ ಜಾಗದಿಂದಲೂ ಬ್ರಷ್‌ನಿಂದ ಕೋಶಗಳನ್ನು ತೆಗೆದು, ಬೀಟಾ-ಡಿಫೆನ್ಸಿನ್ 3 ಮತ್ತು 2ರ ಅನುಪಾತವನ್ನು ಹೋಲಿಸುವ ವಿಧಾನವನ್ನು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ತಂಡ ಬೆಳೆಸುತ್ತಿದೆ. ಕ್ಯಾನ್ಸರ್ ಆರಂಭದಲ್ಲಿ 3ನೆಯದು ಏರುತ್ತದೆ, 2ನೆಯದು ಏರುವುದಿಲ್ಲ ಎಂಬುದು ಅದರ ಆಧಾರ. ಬಯಾಪ್ಸಿ ಸೌಲಭ್ಯವಿಲ್ಲದ ತಾಲ್ಲೂಕು ಆಸ್ಪತ್ರೆಗೆ ಇದು ದೊಡ್ಡ ಅನುಕೂಲವಾದೀತು. ಆದರೆ 2ನೆಯದು ಉರಿಯೂತದಿಂದ ಏರುವಂಥದ್ದು. ವರ್ಷಗಟ್ಟಲೆ ಎಲೆ-ಅಡಿಕೆ, ಕಡ್ಡಿಪುಡಿ ಹಾಕಿದವರ ಬಾಯಿಯಲ್ಲಿ ಎರಡೂ ಬದಿ ಉರಿಯೂತ ಇರಬಹುದು. ಆಗ 'ಆರೋಗ್ಯವಂತ ಬದಿ' ಎಂದು ಯಾವುದನ್ನು ಹಿಡಿಯುವುದು ಎಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿನ ಆಸ್ಪತ್ರೆಗಳಲ್ಲೇ ಕಂಡುಕೊಳ್ಳಬೇಕಾಗುತ್ತದೆ.